ಕಲ್ಲಿನ ಮಾಳಿಗೆ ಮನೆ: ಸಂರಕ್ಷಿತ ಪಟ್ಟಿಗೆ ಸೇರಿಸುವುದೋ, ಮೊದಲು ಮೇಲ್ಮುದ್ದೆ ಇಳಿಸುವುದೋ?

ಎರೆಹೊಲ (ರೋಣ ಸೀಮೆ)

ಎಲ್ಲರಿಗೂ ನಮಸ್ಕಾರ. ಗಜೇಂದ್ರಗಡದ ಗುಡ್ಡಸಾಲಿಗೆ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಹಿರಿಯರು ಕಟ್ಟಿಸಿದ ಒಕ್ಕಲುತನದ ಮನೆಯೊಂದಿದೆ. ಅದರ ಭವಿಷ್ಯದ ಬಗ್ಗೆ ಮನೆಯವರಲ್ಲಿ ಒಮ್ಮತ ಮೂಡದ ಕಾರಣ, ತಿಳಿದವರ ಅಭಿಪ್ರಾಯ ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ಹೊರಗೋಡೆಗಳು ಗುಡ್ಡದ ಕೆಂಪು ಮರಳುಗಲ್ಲಿನವು. ದಪ್ಪ ಎರಡೂವರೆ ಅಡಿಗಿಂತ ಕಡಿಮೆ ಎಲ್ಲಿಯೂ ಇಲ್ಲ. ಬೀದಿಯ ಕಡೆಗೆ ಹೆಬ್ಬಾಗಿಲು, ಅದರ ಒಂದು ಕದದಲ್ಲಿಯೇ ಬಗ್ಗಿ ಒಳಬರುವಂಥ ದಿಡ್ಡಿ ಬಾಗಿಲು, ಹೊರಗೆ ಎರಡೂ ಬದಿ ಕಟ್ಟೆ. ಒಳಗೆ ಕಾಲಿಟ್ಟ ಕೂಡಲೇ ಸಿಗುವುದು ದನ ಕಟ್ಟುವ ಜಾಗ. ಅಲ್ಲಿಂದ ಮೊಣಕಾಲೆತ್ತರ ಮೇಲೆ ಪಡಸಾಲೆ, ಪಡಸಾಲೆಯ ಹಿಂದೆ ದೇವರ ಜಗಲಿ ಮತ್ತು ಅಡುಗೆಮನೆ, ಅದರ ಪಕ್ಕಕ್ಕೆ ಬಚ್ಚಲು, ಆಚೆ ಹಿತ್ತಿಲು. ಕಿಟಕಿಗಳು ಇಲ್ಲವೆಂದರೂ ಸರಿಯೆ. ಬೆಳಕೆಲ್ಲ ಮಾಳಿಗೆಯ, ಅಂದರೆ ಮಟ್ಟಸವಾದ ಮಣ್ಣಿನ ಚಾವಣಿಯ, ಬೆಳಕಿಂಡಿಗಳಿಂದಲೇ ಇಳಿಯುತ್ತದೆ. ಮೇಲೆ ಮೇಲ್ಮುದ್ದೆ (ತುಳಿದು ಗಟ್ಟಿ ಮಾಡಿದ ಮಣ್ಣಿನ ಹೊದಿಕೆ), ಅಂಚಿಗೆ ಕುಂಬಿ (ಗಿಡ್ಡ ಅಂಚುಗೋಡೆ), ನೀರು ಹೊರಗೆ ಚೆಲ್ಲಲು ಕಲ್ಲಿನ ದೋಣಿಗಳು.

ಈಗಿನ ಸ್ಥಿತಿ ಹೀಗಿದೆ: ಪಡಸಾಲೆಯ ಎರಡು ಅಂಕಣಗಳಲ್ಲಿ (ಕಂಬಗಳ ನಡುವಿನ ಭಾಗಗಳಲ್ಲಿ) ಮಾಳಿಗೆ ಸೋರುತ್ತದೆ, ಉತ್ತರದ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟಿದೆ. ಮಣ್ಣನ್ನೆಲ್ಲ ಇಳಿಸಿ, ಜಂತಿ ತೊಲೆಗಳನ್ನು ಮಾರಿ, ಅದೇ ಕಲ್ಲುಗೋಡೆಗಳ ಮೇಲೆ ಸ್ಲ್ಯಾಬ್ ಹಾಕಿಸೋಣವೆಂದು ತಮ್ಮ ಹೇಳುತ್ತಾನೆ. ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟು ಸಂರಕ್ಷಿತ ಸ್ಮಾರಕವೆಂದು ಘೋಷಿಸಿಕೊಂಡರೆ ದುರಸ್ತಿಯನ್ನು ಸರ್ಕಾರವೇ ಮಾಡುತ್ತದೆ ಎಂಬ ಸಲಹೆಯನ್ನು ಊರಿನ ಹಿರಿಯರೊಬ್ಬರು ಕೊಟ್ಟಿದ್ದಾರೆ. ಮನೆಗೆ ನೂರು ವರ್ಷ ದಾಟಿದೆ ಎಂಬುದಕ್ಕೆ ಹಳೆಯ ಉತಾರ (ಹಕ್ಕುದಾಖಲೆ), ವಾಟ್ನಿಪತ್ರ (ಪಾಲುಪತ್ರ) ನಮ್ಮಲ್ಲಿವೆ. ಈ ಎರಡು ದಾರಿಗಳಲ್ಲಿ ಯಾವುದು ಸೂಕ್ತ? ಮೂರನೆಯ ದಾರಿ ಏನಾದರೂ ಇದೆಯೆ?

ಗಚ್ಚಿನಗಾಣ (ಧಾರವಾಡ)

ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಆದ್ದರಿಂದ ಕಾನೂನಿನ ಮಾತನ್ನು ಬಲ್ಲವರಿಗೆ ಬಿಟ್ಟು, ಈ ಮನೆ ಯಾವುದರ ಮೇಲೆ ನಿಂತಿದೆ ಎಂಬುದನ್ನಷ್ಟು ವಿವರಿಸುತ್ತೇನೆ; ಏಕೆಂದರೆ ತಮ್ಮ ಸಹೋದರರ ಯೋಜನೆಯಲ್ಲಿರುವ ದೊಡ್ಡ ಅಪಾಯ ಅಲ್ಲಿಯೇ ಇದೆ.

ದಪ್ಪ ಗೋಡೆಗಳನ್ನು ಕಂಡವರೆಲ್ಲ ಮಾಳಿಗೆಯ ಭಾರವನ್ನು ಅವೇ ಹೊತ್ತಿವೆ ಎಂದುಕೊಳ್ಳುತ್ತಾರೆ. ನಮ್ಮ ಸೀಮೆಯ ಬಹುಪಾಲು ಮಾಳಿಗೆ ಮನೆಗಳಲ್ಲಿ ಭಾರ ಹೊರುವುದು ಮರದ ಕಂಬಗಳು. ನೆಲದಲ್ಲಿ ಕೂರಿಸಿದ ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳಿಗೆ ಅಡ್ಡಲಾಗಿ ಜಂತಿ, ಜಂತಿಗಳ ಮೇಲೆ ಹಲಗೆ ಅಥವಾ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಸೊಪ್ಪಿನ ಪದರ, ಆಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಎರಡು ಕಂಬಗಳ ನಡುವಿನ ಅಂತರವೇ ಇಡೀ ಮನೆಗೆ ಅಳತೆಗೋಲು. ಇಂತಿಷ್ಟು ಅಂಕಣದ ಮನೆ ಎಂದು ಹಿರಿಯರು ಲೆಕ್ಕ ಹೇಳುತ್ತಿದ್ದುದು ಅದಕ್ಕಾಗಿ. ಕಂಬಗಳು ಎಷ್ಟೋ ಮನೆಗಳಲ್ಲಿ ಗೋಡೆಗೆ ಅಂಟಿಕೊಂಡು, ಕೆಲವೊಮ್ಮೆ ಗೋಡೆಯೊಳಗೇ ಹುದುಗಿಕೊಂಡು ನಿಂತಿರುತ್ತವೆ. ಅಂಥಲ್ಲಿ ಗೋಡೆಯ ಕೆಲಸ ಮರೆ ಮಾಡುವುದು, ಬಿಸಿಲನ್ನು ತಡೆಯುವುದು, ಕಳ್ಳಕಾಕರಿಂದ ಕಾಯುವುದು.

ಇನ್ನು ಗೋಡೆಯನ್ನು ನೋಡೋಣ. ಅದು ಇಡಿಗಲ್ಲಿನ ಗೋಡೆಯಲ್ಲ. ಹೊರಗೊಂದು ಮೈ, ಒಳಗೊಂದು ಮೈ. ನಡುವಿನ ಸಂದಿಗೆ ಚಕ್ಕೆಕಲ್ಲು ಮತ್ತು ಮಣ್ಣು ತುಂಬಿರುತ್ತಾರೆ. ಹೊರಮೈಯ ಕಲ್ಲನ್ನು ಕಲ್ಲುಕುಟಿಗರು ಚೊಕ್ಕವಾಗಿ ಕಡಿದಿರುತ್ತಾರೆ, ಹಿಂಭಾಗ ಮೊನಚಾಗಿಯೇ ಉಳಿದಿರುತ್ತದೆ. ಎರಡೂ ಮೈಗಳನ್ನು ಹಿಡಿದಿಡಲು ಗೋಡೆಯ ಪೂರ್ಣ ದಪ್ಪಕ್ಕೆ ಹಾಯುವ ಉದ್ದನೆಯ ಕಲ್ಲುಗಳು ಅಲ್ಲಲ್ಲಿ ಬೇಕು. ಅವು ಕಡಿಮೆಯಾಗಿ, ಮೇಲಿನಿಂದ ನೀರೂ ಇಳಿದರೆ, ನಡುವಿನ ಮಣ್ಣು ತೊಯ್ದು ಕೆಳಗೆ ಕುಸಿದು, ಹೊರಮೈಯನ್ನು ಹೊರಕ್ಕೆ ದೂಡುತ್ತದೆ. ತಾವು ಹೇಳಿದ ಹೊಟ್ಟೆ ಬಿಟ್ಟ ಗೋಡೆ ಬಹುಶಃ ಇದೇ. ಅದರ ನೇರ ಮೇಲಿರುವ ಕುಂಬಿಯ ಬುಡವನ್ನೊಮ್ಮೆ ಪರೀಕ್ಷಿಸಿ. ಅಲ್ಲಿ ಬಿರುಕೋ, ದೋಣಿಯ ಪಕ್ಕದಲ್ಲಿ ಹೆಗ್ಗಣದ ಬಿಲವೋ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ.

ಇಂಥ ಗೋಡೆಯ ಮೇಲೆ ಸ್ಲ್ಯಾಬ್ ಹಾಕಿದರೆ ಈವರೆಗೆ ಕಂಬಗಳು ಹೊತ್ತಿದ್ದ ಭಾರವನ್ನು, ಹೊರುವ ಅಭ್ಯಾಸವೇ ಇಲ್ಲದ ಎರಡು ತೆಳು ಮೈಗಳಿಗೆ ವರ್ಗಾಯಿಸಿದಂತಾಗುತ್ತದೆ. ಹಾಗಾಗದಿರಲು ಹೊಸ ಕಂಬಗಳನ್ನು ಎಬ್ಬಿಸಬೇಕು. ಅವುಗಳಿಗೆ ಎರೆಮಣ್ಣನ್ನು ದಾಟಿ ಗರಸಿನವರೆಗೆ (ಕೆಳಗಿನ ಗಟ್ಟಿ ಜಲ್ಲಿಮಣ್ಣಿನವರೆಗೆ) ತಳಪಾಯ ತೆಗೆಯಬೇಕು. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಯ ಮೇಲೆ ಅಡಿಪಾಯ ನಿಲ್ಲುವುದಿಲ್ಲ ಎಂಬುದು ಒಕ್ಕಲಿಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಷ್ಟೆಲ್ಲ ಮಾಡಿದರೆ ಅದು ಹೊಸ ಮನೆಯೇ ಆಯಿತಲ್ಲವೆ?

ತಳಪಾಯ (ಹುಬ್ಬಳ್ಳಿ)

ಗಚ್ಚಿನಗಾಣದವರ ವಿವರಣೆ ಸರಿಯಾಗಿದೆ, ಆದರೆ ಅವರು ಹೇಳದೆ ಬಿಟ್ಟ ಮುಖ್ಯ ಸಂಗತಿಯೊಂದಿದೆ. ನಾನು ಸಿವಿಲ್ ಎಂಜಿನಿಯರ್. ಹಳೆಯದರ ಮೇಲೆ ದ್ವೇಷವಿಲ್ಲ. ಆದರೂ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಏನಾಯಿತು ಎಂಬುದನ್ನು ಮರೆತು ಕಲ್ಲು ಮಣ್ಣಿನ ಮನೆಗಳ ಬಗ್ಗೆ ಮಾತನಾಡುವುದು ಜವಾಬ್ದಾರಿಯ ಕೆಲಸವಲ್ಲ. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಸಾವಿರಾರು ಜನ ಮಲಗಿದ್ದಲ್ಲಿಯೇ ಸತ್ತರು. ಅವರನ್ನು ಕೊಂದದ್ದು ಇಲ್ಲಿ ವರ್ಣಿಸಿರುವಂಥವೇ ಗೋಡೆಗಳು, ಇಂಥವೇ ಮಣ್ಣಿನ ಮಾಳಿಗೆಗಳು. ಗೋಡೆಯ ಎರಡು ಮೈಗಳು ಬೇರ್ಪಟ್ಟು ಹೊರಗೊಂದು ಒಳಗೊಂದು ಉರುಳಿದವು.

ಭಾರದ ಲೆಕ್ಕವನ್ನೂ ನೋಡಿ. ಒಂದು ಅಡಿ ದಪ್ಪದ ಮೇಲ್ಮುದ್ದೆ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಹತ್ತಡಿಗೆ ಹತ್ತಡಿಯ ಒಂದು ಅಂಕಣದ ಮೇಲೆ ನಾಲ್ಕೂವರೆ ಟನ್ನಿಗೂ ಮಿಕ್ಕಿ ಮಣ್ಣು ಕುಳಿತಿರುತ್ತದೆ. ಮಳೆಯಲ್ಲಿ ತೊಯ್ದಾಗ ಇನ್ನೂ ಹೆಚ್ಚು. ಐದು ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 310 ಕಿಲೋ. ಹಾಗಿರುವಾಗ ಸ್ಲ್ಯಾಬ್ ಭಾರವೆಂದು ಹೆದರಿಸುವುದು ಯಾವ ನ್ಯಾಯ? ವರ್ಷ ವರ್ಷವೂ ಸೋರುವಲ್ಲಿಗೆ ಒಂದೆರಡು ಚಕ್ಕಡಿ ಮಣ್ಣು ಹೇರುತ್ತ ಹೋಗಿ ಎರಡು ಅಡಿ ದಪ್ಪವಾದ ಮಾಳಿಗೆಗಳನ್ನು ನಾನೇ ಅಳೆದಿದ್ದೇನೆ. ಪರಂಪರೆಯ ಹೆಸರಿನಲ್ಲಿ ಮನುಷ್ಯರನ್ನು ಅದರ ಕೆಳಗೆ ಮಲಗಿಸಬೇಡಿ.

ಗಚ್ಚಿನಗಾಣ (ಧಾರವಾಡ)

ತಳಪಾಯ ಸರ್, ಕಿಲ್ಲಾರಿಯ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು. ಅಲ್ಲಿಂದ ಕಲಿಯಬೇಕಾದ ಪಾಠ ಒಂದಲ್ಲ. ಗೋಡೆಗಳು ಬಿದ್ದರೂ ಮರದ ಕಂಬ ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದ ಕಡೆ ಮಾಳಿಗೆ ಕೆಳಗೆ ಬೀಳದೆ ಜನ ಉಳಿದ ಉದಾಹರಣೆಗಳನ್ನು ಅಲ್ಲಿ ಪರಿಶೀಲನೆ ನಡೆಸಿದ ತಜ್ಞರು ದಾಖಲಿಸಿದ್ದಾರೆ. ಕೊಂದದ್ದು ಕಲ್ಲಿಗಿಂತಲೂ ಹೆಚ್ಚಾಗಿ ಎರಡು ದೋಷಗಳು: ಗೋಡೆಯಲ್ಲಿ ಅಡ್ಡ ಹಾಯುವ ಕಲ್ಲುಗಳಿಲ್ಲದಿರುವುದು ಮತ್ತು ಮಿತಿಮೀರಿದ ಮಣ್ಣಿನ ದಪ್ಪ. ಎರಡನ್ನೂ ಮನೆಯನ್ನು ಕೆಡವದೆ ಸರಿಪಡಿಸಬಹುದು.

ಒರಟುಗಲ್ಲಿನ ಗೋಡೆಗಳಿಗೆ ಸಂಬಂಧಿಸಿದ ಭಾರತೀಯ ಮಾನಕ 13828, 1993ರಲ್ಲಿಯೇ ಬಂದಿತು. ಎತ್ತರದಲ್ಲಿ ಪ್ರತಿ 600 ಮಿಲಿಮೀಟರಿಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದಂತೆ ಹಾಯುಗಲ್ಲು ಇರಬೇಕೆಂದು ಅದು ಹೇಳುತ್ತದೆ. ಇರುವ ಗೋಡೆಯಲ್ಲಿಯಾದರೆ ಒಂದೊಂದೇ ಕಲ್ಲನ್ನು ಬಿಡಿಸಿ, ಆರುಪಾರು ತೂತು ಮಾಡಿ, ಕೊಕ್ಕೆಯಿರುವ ಕಬ್ಬಿಣದ ಸಲಾಕೆಯನ್ನಿಟ್ಟು ಕಾಂಕ್ರೀಟ್ ತುಂಬುವ ಪದ್ಧತಿಯನ್ನು ಕಿಲ್ಲಾರಿಯ ನಂತರ ಮರಾಠವಾಡದ ಹಳ್ಳಿಗಳಲ್ಲಿಯೇ ಗೌಂಡಿಗಳಿಗೆ ಕಲಿಸಿದರು. ನೋಡಿ, ಕಾಂಕ್ರೀಟನ್ನು ನಾನು ಪೂರ್ತಿಯಾಗಿ ನಿರಾಕರಿಸುತ್ತಿಲ್ಲ; ಬೇಕಾದಲ್ಲಿ ಬೊಗಸೆಯಷ್ಟು ಸಾಕು ಎನ್ನುತ್ತೇನೆ.

ಸ್ಲ್ಯಾಬಿನ ತೂಕದ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ತೂಕ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಕೂರುತ್ತದೆ ಎಂಬುದು ಇಲ್ಲಿ ಮುಖ್ಯ. ಜೊತೆಗೆ ಸ್ಲ್ಯಾಬ್ ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗುತ್ತ ಮಣ್ಣಿನ ಗಾರೆಯಲ್ಲಿ ಕೂತ ಮೇಲಿನ ಸಾಲಿನ ಕಲ್ಲುಗಳನ್ನು ಪ್ರತಿದಿನವೂ ಅಲುಗಾಡಿಸುತ್ತದೆ. ಮೇಲ್ಮುದ್ದೆಯನ್ನು ಮೂಲದ ಜಂತಿಯವರೆಗೆ ಇಳಿಸಿ ಎಂಟು ಅಂಗುಲಕ್ಕೆ ತಂದರೆ ಭಾರ ಚದರ ಮೀಟರಿಗೆ ಸುಮಾರು 340 ಕಿಲೋಗೆ ಇಳಿಯುತ್ತದೆ. ಸ್ಲ್ಯಾಬಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ, ಮತ್ತು ಆ ಭಾರ ಕಂಬದ ಮೇಲೆಯೇ ಉಳಿಯುತ್ತದೆ.

ಕಡತ (ಗದಗ)

ಕಂದಾಯ ಕಚೇರಿಯಲ್ಲಿ ದುಡಿದು ನಿವೃತ್ತನಾದವನು ನಾನು. ಸಂರಕ್ಷಣೆಯ ಕಾನೂನಿನ ಬಗ್ಗೆ ಎರಡು ಮಾತು ಹೇಳುವ ಅಗತ್ಯ ಕಾಣುತ್ತಿದೆ.

ಕೇಂದ್ರ ಸರ್ಕಾರದ 1958ರ ಕಾಯ್ದೆಯಾಗಲಿ, ನಮ್ಮ ರಾಜ್ಯದ 1961ರ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆಯಾಗಲಿ, ನೂರು ವರ್ಷ ತುಂಬಿದ ಕಟ್ಟಡವನ್ನು ಸ್ಮಾರಕವೆಂದು ಪರಿಗಣಿಸಲು ಅವಕಾಶ ಕೊಡುತ್ತವೆ. ಆದರೆ ನೂರು ವರ್ಷವಾದುದೆಲ್ಲ ತಾನಾಗಿ ಸಂರಕ್ಷಿತವಾಗುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಕೇಂದ್ರದ ಕಾಯ್ದೆಯಲ್ಲಾದರೆ ಮೊದಲು ಉದ್ದೇಶವನ್ನು ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳ ಕಾಲಾವಕಾಶ ಕೊಟ್ಟು, ಆಮೇಲೆ ಘೋಷಿಸುತ್ತಾರೆ. ಮಾಲೀಕತ್ವ ಆ ಕ್ಷಣಕ್ಕೇ ಹೋಗುವುದಿಲ್ಲ. ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು, ನಿರ್ವಹಣೆ ಯಾರದು, ಸಾರ್ವಜನಿಕರಿಗೆ ಪ್ರವೇಶ ಎಷ್ಟು, ಕೆಡವುವುದಕ್ಕೆ ಮತ್ತು ಬದಲಿಸುವುದಕ್ಕೆ ಏನೇನು ನಿರ್ಬಂಧ ಎಂದು ಬರೆದುಕೊಳ್ಳಲು ಅದರಲ್ಲಿ ದಾರಿಯಿದೆ.

ಇಷ್ಟಾದರೂ ಈ ಕಾಯ್ದೆಗಳ ಕಣ್ಣಿನಲ್ಲಿರುವುದು ಗುಡಿ, ಕೋಟೆ, ಶಾಸನ, ಸಮಾಧಿ. ಒಲೆ ಉರಿಯುವ, ಬಾಣಂತನ ನಡೆಯುವ, ಅಣ್ಣತಮ್ಮಂದಿರು ಪಾಲು ಕೇಳುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ಬರೆದಿಲ್ಲ. "ಸರ್ಕಾರವೇ ದುರಸ್ತಿ ಮಾಡುತ್ತದೆ" ಎಂಬ ಭರವಸೆಯಿಂದ ಅರ್ಜಿ ಹಾಕುವುದನ್ನು ನಾನಂತೂ ಪ್ರೋತ್ಸಾಹಿಸಲಾರೆ. ಅಧಿಸೂಚಿತ ಗುಡಿಗಳೇ ಸರದಿಯಲ್ಲಿ ನಿಂತಿವೆ. ತಮ್ಮ ಮನೆಯ ಸರದಿ ಬರುವಷ್ಟರಲ್ಲಿ ಎಷ್ಟು ಮಳೆಗಾಲ ಕಳೆದಿರುತ್ತದೆಯೋ! ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡವೆಂಬ ಇನ್ನೊಂದು ವರ್ಗವಿದೆ, ಜನವಸತಿಯ ಮನೆಗೆ ಅದು ಹೆಚ್ಚು ಹೊಂದುತ್ತದೆ. ಆದರೆ ಅದು ನಡೆಯುವುದು ಯೋಜನಾ ಪ್ರಾಧಿಕಾರಗಳ ಮೂಲಕ.

ಒಂದು ಕೆಲಸವನ್ನಂತೂ ಕೂಡಲೇ ಮಾಡಿ: ಗ್ರಾಮ ಪಂಚಾಯಿತಿಯ ಇ-ಸ್ವತ್ತಿನಲ್ಲಿ ಮನೆಯ ಅಳತೆ ಮತ್ತು ಹಕ್ಕು ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಪಾಲುದಾರರ ತಕರಾರು ಇರುವ ಮನೆಗೆ ಯಾವ ಯೋಜನೆಯೂ ಬರುವುದಿಲ್ಲ.

ಮುಸುಕಿನಬಾವಿ (ಲಕ್ಕುಂಡಿ)

ಸಂರಕ್ಷಿತ ಗುಡಿಯ ಪಕ್ಕದಲ್ಲಿ ಮನೆ ಮಾಡಿಕೊಂಡಿರುವವರ ಮಾತನ್ನೂ ಕೇಳಿ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಮ್ಮ ಊರಿನಲ್ಲಿ ಒಂದು ಗುಡಿಯ ಸುತ್ತಳತೆ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುತ್ತದೆ. ದುರಸ್ತಿಗೆ ಅವಕಾಶವಿದೆ, ಆದರೆ ಅನುಮತಿ ಬೇಕು. ಹೊಸ ಕಟ್ಟಡಕ್ಕೆ ನಿಷೇಧಿತ ಪ್ರದೇಶದಲ್ಲಿ ದಾರಿಯೇ ಇಲ್ಲ. ಗುಡಿಗಳ ಬಗ್ಗೆ ನಮಗೆ ಅಭಿಮಾನವಿದೆ, ಅತ್ತಿಮಬ್ಬೆಯ ಊರು ನಮ್ಮದು. ಆದರೆ ಬಚ್ಚಲು ಕಟ್ಟಿಕೊಳ್ಳಲು ಕಾಗದ ಹಿಡಿದು ತಿರುಗುವವರಿಗೆ ಅಭಿಮಾನದ ಪಾಠ ಹೇಳಬಾರದು. ಎರೆಹೊಲದ ಅಣ್ಣನವರೇ, ಅರ್ಜಿ ಹಾಕುವ ಮುನ್ನ ತಮ್ಮ ನೆರೆಹೊರೆಯವರನ್ನೂ ಒಂದು ಮಾತು ಕೇಳುವುದು ಒಳ್ಳೆಯದು.

ದೂರದೇಶಿ (ಮೂಲ ಹುಬ್ಬಳ್ಳಿ, ಈಗ ಯಾರ್ಕ್‌ಷೈರ್)

ನಾನಿರುವ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕಲ್ಲಿನ ಒಕ್ಕಲು ಮನೆಗಳು ಕಣಿವೆ ಕಣಿವೆಗೂ ಇವೆ. ಗೋಡೆಯೂ ಕಲ್ಲು, ಹಲವೆಡೆ ಚಾವಣಿಯೂ ಕಲ್ಲಿನ ಚಪ್ಪಡಿ. ಅವುಗಳಲ್ಲಿ ಅನೇಕವು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿವೆ, ಆದರೂ ಅವುಗಳಲ್ಲಿ ಜನ ವಾಸಿಸುತ್ತಾರೆ, ಮಾರುತ್ತಾರೆ, ಕೊಳ್ಳುತ್ತಾರೆ.

ಇಲ್ಲಿನ ವ್ಯವಸ್ಥೆ 1947ರ ಯೋಜನಾ ಕಾಯ್ದೆಯಿಂದ ಬೆಳೆದು ಬಂದದ್ದು. ಮಹತ್ವಕ್ಕೆ ತಕ್ಕಂತೆ ಮೂರು ದರ್ಜೆಗಳಿವೆ: ಒಂದು, ಎರಡು-ನಕ್ಷತ್ರ, ಎರಡು. ಪಟ್ಟಿಯಲ್ಲಿರುವ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿದ ಕಟ್ಟಡಗಳು ಅತ್ಯಂತ ಕೆಳಗಿನ ಎರಡನೆಯ ದರ್ಜೆಯವು. ಒಕ್ಕಲು ಮನೆಗಳು ಸಾಮಾನ್ಯವಾಗಿ ಅಲ್ಲಿಯೇ ಬರುತ್ತವೆ. ಪಟ್ಟಿಗೆ ಸೇರಿದ ಮೇಲೆ ಮನೆಯ ಒಳಭಾಗಕ್ಕೂ ರಕ್ಷಣೆ ಅನ್ವಯಿಸುತ್ತದೆ. ಅದರ ಸ್ವರೂಪ ಕೆಡುವಂಥ ಬದಲಾವಣೆಗೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು, ಒಪ್ಪಿಗೆಯಿಲ್ಲದೆ ಮಾಡಿದರೆ ಅದು ಅಪರಾಧ. ಹಾಗೆಂದು ಸರ್ಕಾರ ಬಂದು ಚಾವಣಿ ಹೊದಿಸಿಕೊಡುವುದಿಲ್ಲ. ಖರ್ಚು ಮಾಲೀಕನದೇ, ಮತ್ತು ಅದರ ಬಗ್ಗೆ ಗೊಣಗಾಟವೂ ಸಾಕಷ್ಟಿದೆ. ಆದರೆ ಕೇಳಿದರೆ ಹೇಳಿಕೊಡುವ ಸಂರಕ್ಷಣಾಧಿಕಾರಿಗಳು ಸ್ಥಳೀಯ ಆಡಳಿತಗಳಲ್ಲಿ ಇರುತ್ತಾರೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಬೇಡಿ ಎಂಬ ಮಾತನ್ನು ಇಲ್ಲಿಯೂ ಎಲ್ಲ ಕಡೆ ಕೇಳುತ್ತೇನೆ; ವಿಲಿಯಂ ಮಾರಿಸ್ ಮತ್ತಿತರರು 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ, ಹೊಸತಾಗಿ ಮಾಡುವುದಕ್ಕಿಂತ ಇರುವುದನ್ನು ದುರಸ್ತಿ ಮಾಡಿ ಎಂದೇ ಬೋಧಿಸುತ್ತದೆ.

ಹಗೇವು (ನವಲಗುಂದ)

ಎಲ್ಲರೂ ಕಲ್ಲು, ಕಂಬ, ಕಾಯ್ದೆಗಳ ಬಗ್ಗೆ ಬರೆದಿದ್ದೀರಿ. ಮನೆಯೊಳಗಿನ ಒಕ್ಕಲುತನವನ್ನು ಯಾರೂ ಕೇಳಲಿಲ್ಲ.

ಈ ಮನೆಗಳ ನಕ್ಷೆಯನ್ನು ನಿರ್ಧರಿಸಿದ್ದು ಎತ್ತು ಮತ್ತು ಜೋಳ. ಹೆಬ್ಬಾಗಿಲು ಅಷ್ಟು ಅಗಲವಾಗಿರುವುದು ಮನುಷ್ಯರಿಗಾಗಿ ಅಲ್ಲ, ಎತ್ತಿನ ಜೋಡಿ ಒಳಬರಲೆಂದು. ದನದ ಜಾಗ ತಗ್ಗಿನಲ್ಲಿ, ಪಡಸಾಲೆ ಎತ್ತರದಲ್ಲಿ ಏಕಿವೆಯೆಂದರೆ, ಗಂಜಲ ಇತ್ತ ಹರಿಯಬಾರದು, ಆದರೆ ಪಡಸಾಲೆಯಲ್ಲಿ ಮಲಗಿದವನಿಗೆ ಇರುಳಿನಲ್ಲಿಯೂ ಎತ್ತಿನ ಉಸಿರು ಕೇಳುತ್ತಿರಬೇಕು. ಗ್ವಾದಲಿಯ (ದನಗಳಿಗೆ ಮೇವು ಹಾಕುವ ತೊಟ್ಟಿಯ) ಅಂಚು ಪಡಸಾಲೆಯ ಮಟ್ಟಕ್ಕೆ ಬರುವಂತೆ ಕಟ್ಟಿದರೆ ಇಳಿಯದೆಯೇ ಮೇವು ಹಾಕಬಹುದು. ಕಿಟಕಿ ಇಲ್ಲದ ಗೋಡೆ ಕಳ್ಳರ ಭಯಕ್ಕೆ ಮಾತ್ರವಲ್ಲ. ಏಪ್ರಿಲ್ ತಿಂಗಳ ಬಿಸಿಗಾಳಿಗೆ ಬಾಗಿಲು ಹಾಕಿ ಕುಳಿತರೆ ಒಳಗೆ ತಂಪು ಉಳಿಯುತ್ತದೆ.

ಎರೆಹೊಲದವರೇ, ತಮ್ಮ ಮನೆಯಲ್ಲಿ ಹಗೇವು (ಕಾಳು ತುಂಬಿಡುವ ನೆಲಗುಳಿ) ಇರಲೇಬೇಕು. ದನದ ಜಾಗದ ಚಪ್ಪಡಿಗಳ ಕೆಳಗೋ, ಹೆಬ್ಬಾಗಿಲ ಮುಂದೆಯೋ ಹುಡುಕಿ. ಕಿರಿದಾದ ಬಾಯಿ, ಒಳಗೆ ಹೂಜಿಯಂತೆ ಅಗಲವಾದ ಹೊಟ್ಟೆ. ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕ ಕರಗಿ ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಕಾರಣಕ್ಕೆ ಬಾಯಿ ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತಿದ್ದಾರೆ. ಸಿಕ್ಕರೆ ತಿಳಿಯದವರನ್ನು ಇಳಿಸಬೇಡಿ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ. ದೀಪ ಆರಿದರೆ ಒಳಗೆ ಹೋಗುವಂತಿಲ್ಲ. ಇನ್ನೊಂದು ಮಾತು: ಮರೆತುಹೋದ ಹಗೇವಿನ ಮೇಲೆ ಹೊಸ ಕಂಬ ನಿಲ್ಲಿಸಿದರೆ ಅದು ಎಂದು ಕುಸಿಯುತ್ತದೆಯೋ ಹೇಳಲಾಗದು.

ಆದರೆ ನನ್ನ ನಿಜವಾದ ಪ್ರಶ್ನೆ ಬೇರೆಯದು. ಎತ್ತುಗಳಿಲ್ಲ, ಟ್ರ್ಯಾಕ್ಟರ್ ದಿಡ್ಡಿಯಲ್ಲಿ ನುಗ್ಗುವುದಿಲ್ಲ, ಜೋಳ ಚೀಲದಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಮನೆಯನ್ನು ಕಟ್ಟಿದ ಕಾರಣವೇ ಹೋದ ಮೇಲೆ ನಾವು ಉಳಿಸುವುದು ಏನನ್ನು?

ಅಂಕಣ (ಗದಗ)

ಹಗೇವಿನವರ ಪ್ರಶ್ನೆಗೆ ಉತ್ತರ ಕೊಡುವಷ್ಟು ಜಾಣನಲ್ಲ ನಾನು, ಹಳೆಯ ಶಾಲಾ ಮಾಸ್ತರ. ಆದರೆ ಇಂಥ ಮನೆಗಳು ಎಲ್ಲಿಗೆ ಹೋಗುತ್ತಿವೆ ಎಂಬುದನ್ನು ಹೇಳಬಲ್ಲೆ. ಬಾಗಿಲ ಚೌಕಟ್ಟು, ಬೋದಿಗೆ, ಕಂಬಗಳನ್ನು ಹಳ್ಳಿಗಳಲ್ಲಿ ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಹೋಗಿ ರೆಸಾರ್ಟ್‌ಗಳಿಗೆ ಮಾರುವ ವ್ಯಾಪಾರ ಇದೆ. ಅದಕ್ಕಿಂತ ಗೌರವದ ದಾರಿ ಹಿಡಿದ ಮನೆಗಳೂ ಉಂಟು: ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಕಲ್ಲಿನ ಮನೆಯಿದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮುಧೋಳ ಅರಮನೆಯ ದರ್ಬಾರು ಭಾಗವನ್ನು ನೋಡಬಹುದು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ನಮ್ಮ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಮಾಡಿಟ್ಟಿದ್ದಾರೆ. ಮಕ್ಕಳನ್ನು ಕರೆದೊಯ್ದು ತೋರಿಸಲು ಎಲ್ಲವೂ ಚೆನ್ನ. ಆದರೂ ಇಳಕಲ್ಲಿನ ಮನೆಯನ್ನು ಸಮುದ್ರದ ಗಾಳಿಯಲ್ಲಿ ನೋಡಬೇಕಾದ ಸ್ಥಿತಿ ನನಗೆ ಅಷ್ಟೇನೂ ಹಿತವೆನಿಸುವುದಿಲ್ಲ. ಆ ಗೋಡೆ ಅಷ್ಟು ದಪ್ಪವಾಗಿರಲು ಕಾರಣವಾದ ಬಿಸಿಲು ಅಲ್ಲಿಲ್ಲ.

ಹಂಚಿನಮನೆ (ಹಾನಗಲ್ಲ)

ನಮ್ಮ ಕಡೆ ಮಾಳಿಗೆ ಮನೆ ಏಕಿಲ್ಲ ಎಂಬುದನ್ನು ಗಮನಿಸಿದ್ದೀರಾ? ಗದಗಿನಿಂದ ಪಡುವಣಕ್ಕೆ ಬಂದಂತೆ ಮಳೆ ಹೆಚ್ಚುತ್ತದೆ. ಧಾರವಾಡ, ಕಲಘಟಗಿ, ಹಾನಗಲ್ಲಿನ ಪಶ್ಚಿಮ ಭಾಗಕ್ಕೆ ಬರುವಷ್ಟರಲ್ಲಿ ಮಣ್ಣಿನ ಮಟ್ಟಸ ಮಾಳಿಗೆ ಹೋಗಿ ಇಳಿಜಾರು ಚಾವಣಿ ಬರುತ್ತದೆ. ಮೊದಲು ನಾಡಹಂಚು, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ನಂತರದ ಕಾಲದಲ್ಲಿ ಮಂಗಳೂರು ಹಂಚು. ಹೀಗಾಗಿ ಮೇಲ್ಮುದ್ದೆ ಎಂಬುದು ಕಡಿಮೆ ಮಳೆಯ ಸೀಮೆಯ ಉಪಾಯ. ಈಗಿನ ಮಳೆ ಒಮ್ಮೆಲೇ ಸುರಿಯುವ ರೀತಿಯನ್ನು ನೋಡಿದರೆ, ಮಾಳಿಗೆಯ ಮೇಲೆ ಕಬ್ಬಿಣದ ಕೊಳವೆಗಳನ್ನು ನಿಲ್ಲಿಸಿ ತಗಡಿನ ಇಳಿಜಾರು ಚಾವಣಿ ಮಾಡಿಬಿಟ್ಟರೆ ಸೋರುವ ತಾಪತ್ರಯವೇ ಇರುವುದಿಲ್ಲ. ಕಡಿಮೆ ಖರ್ಚಿನ ಕೆಲಸ, ಮನೆಯೂ ಉಳಿಯುತ್ತದೆ. ಅಂದ ಕೆಡುತ್ತದೆ ಎಂದು ವಾಸ್ತುಶಿಲ್ಪಿಗಳು ಸಿಟ್ಟಾಗಬಹುದು.

ಗಚ್ಚಿನಗಾಣ (ಧಾರವಾಡ)

ಸಿಟ್ಟಾಗುವುದಿಲ್ಲ. ಸ್ಲ್ಯಾಬಿಗೆ ಹೋಲಿಸಿದರೆ ತಗಡಿನ ಚಾವಣಿಯೇ ಉತ್ತಮ. ನಾಳೆ ಬೇಡವೆನಿಸಿದರೆ ಬಿಚ್ಚಿ ತೆಗೆಯಬಹುದು, ಕೆಳಗಿನ ಮನೆಗೆ ಏನೂ ಆಗಿರುವುದಿಲ್ಲ. ಮೂರು ಷರತ್ತುಗಳು ಮಾತ್ರ. ಕೊಳವೆಗಳನ್ನು ಕುಂಬಿಯಲ್ಲಿಯಾಗಲಿ ಗೋಡೆಯ ಮಧ್ಯದಲ್ಲಿಯಾಗಲಿ ನೆಡದೆ ಕೆಳಗಿನ ಕಂಬಗಳ ನೇರಕ್ಕೆ ತರಬೇಕು. ಗಾಳಿಗೆ ಹಾರದಂತೆ ಬಿಗಿಯಬೇಕು. ಬೆಳಕಿಂಡಿಗಳ ಮೇಲೆ ಪಾರದರ್ಶಕ ಹಾಳೆ ಹಾಕದಿದ್ದರೆ ಅಡುಗೆಮನೆ ಕತ್ತಲಾಗಿ ಮನೆಯ ಹೆಣ್ಣುಮಕ್ಕಳೇ ಮೊದಲು ಮನೆ ಬಿಡೋಣ ಎನ್ನುತ್ತಾರೆ. ಹಳೆಯ ಮನೆಗಳು ಕೆಡುವುದಕ್ಕೆ ಅಡುಗೆಮನೆಯ ಹೊಗೆ ಮತ್ತು ಕತ್ತಲೆ ಕಾರಣವಾದಷ್ಟು ಮಳೆ ಕಾರಣವಾಗಿಲ್ಲ ಎಂಬುದು ನನ್ನ ಅನುಭವ. ಬಚ್ಚಲು, ಶೌಚಾಲಯ, ಅಡುಗೆಮನೆಗಳನ್ನು ಹಿತ್ತಿಲಿನಲ್ಲಿ ಬೇರೆಯಾಗಿ, ಅನುಕೂಲವಾಗಿ ಕಟ್ಟಿಕೊಳ್ಳಿ. ಸಂರಕ್ಷಣೆ ಎಂದರೆ ಅಜ್ಜಿಯ ಕಾಲದ ಕಷ್ಟವನ್ನು ಸೊಸೆಗೆ ದಾಟಿಸುವುದಲ್ಲ.

ಆದರೆ ಒಂದನ್ನು ಒತ್ತಿ ಹೇಳುತ್ತೇನೆ: ಗೋಡೆಯ ಹೊರಮೈಗೆ ಸಿಮೆಂಟಿನ ಗಿಲಾವು ಬೇಡ. ಮಣ್ಣಿನ ಗಾರೆಯ ಗೋಡೆಯೊಳಗೆ ತೇವ ಇದ್ದೇ ಇರುತ್ತದೆ, ಅದು ಸಂದಿಗಳಿಂದ ಆರಿ ಹೋಗುತ್ತಿರುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿದರೆ ತೇವ ಒಳಗೇ ನಿಂತು, ಉಪ್ಪು ಮೇಲೆದ್ದು ಮರಳುಗಲ್ಲಿನ ಮೈ ಪುಡಿಯಾಗಿ ಉದುರುತ್ತದೆ. ಗೋಡೆಯೊಳಗೆ ಹುದುಗಿರುವ ಕಂಬಗಳ ಬುಡಕ್ಕೂ ಗೆದ್ದಲು ಬರುತ್ತದೆ. ಸಂದಿ ತುಂಬಲು ಸುಣ್ಣ ಮತ್ತು ಮರಳಿನ ಗಚ್ಚು ಸಾಕು. ಹಿಂದೆ ಅದನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದರು. ಈಗ ಅರೆಯುವ ಯಂತ್ರವೂ ಆಗುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಅವಸರ ಮಾಡುವ ಗೌಂಡಿಗಳಿಗೆ ಹೇಳಿಮಾಡಿಸಿದ ಕೆಲಸವಲ್ಲ.

ತಳಪಾಯ (ಹುಬ್ಬಳ್ಳಿ)

ಹಾಯುಗಲ್ಲು ಹಾಕಿಸಿ, ಮಣ್ಣನ್ನು ಎಂಟು ಅಂಗುಲಕ್ಕೆ ಇಳಿಸಿ, ಕಂಬ ತೊಲೆ ಸೇರುವಲ್ಲಿ ಕಬ್ಬಿಣದ ಪಟ್ಟಿಯಿಂದ ಬಿಗಿದರೆ ನನ್ನ ಆಕ್ಷೇಪಣೆಯ ಬಹುಪಾಲು ಉಳಿಯುವುದಿಲ್ಲ. ಆದರೆ ಹೊಟ್ಟೆ ಬಿಟ್ಟ ಗೋಡೆಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ತೂತು ಕೊರೆಯಲು ಹೋಗಬೇಡಿ. ಅಷ್ಟು ಭಾಗವನ್ನು ಬಿಚ್ಚಿ, ಕಲ್ಲುಗಳಿಗೆ ಗುರುತು ಹಾಕಿ ಮತ್ತೆ ಕಟ್ಟಬೇಕು. ಬಿಚ್ಚುವ ಮೊದಲು ಒಳಗಿನಿಂದ ತೊಲೆಗಳಿಗೆ ಆಸರೆ ಕೊಡುವುದನ್ನು ಮರೆಯಬಾರದು.

ಎರೆಹೊಲ (ರೋಣ ಸೀಮೆ)

ಎಲ್ಲರಿಗೂ ಕೃತಜ್ಞತೆಗಳು. ತಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ತೂಕದ ಲೆಕ್ಕಕ್ಕಿಂತ ಹೊಸ ಕಂಬಗಳ ತಳಪಾಯದ ಖರ್ಚಿನ ಮಾತು ಅವನ ಮನಸ್ಸಿಗೆ ನಾಟಿತು ಎಂದು ಕಾಣುತ್ತದೆ. ಸ್ಲ್ಯಾಬಿನ ವಿಚಾರವನ್ನು ಸದ್ಯಕ್ಕೆ ಕೈಬಿಡಲು ಒಪ್ಪಿದ್ದಾನೆ. ಇಲಾಖೆಗೆ ಅರ್ಜಿ ಕೊಡುವುದನ್ನು ಮುಂದೂಡಿದ್ದೇವೆ. ಅದಕ್ಕಿಂತ ಮೊದಲು ಮನೆಯ ಪ್ರತಿ ಅಂಕಣದ ಅಳತೆ ತೆಗೆದು ನಕ್ಷೆ ಬರೆಸಿ, ಚಿತ್ರಗಳ ಸಮೇತ ದಾಖಲೆ ಮಾಡಿಡುತ್ತೇವೆ. ಮುಂದೆ ಅರ್ಜಿ ಹಾಕಿದರೂ ಪಾಲಾದರೂ ಅದು ಬೇಕಾಗುತ್ತದೆ. ಉತ್ತರದ ಗೋಡೆಯ ಮೇಲಿನ ಕುಂಬಿಯಲ್ಲಿ ಗಚ್ಚಿನಗಾಣದವರು ಊಹಿಸಿದಂತೆ ದೋಣಿಯ ಬುಡವೇ ಸಡಿಲಾಗಿದೆ.

ಹಗೇವಿನವರ ಪ್ರಶ್ನೆಗೆ ನಮ್ಮಲ್ಲಿ ಇರುವ ಉತ್ತರ ಇಷ್ಟೆ: ಎತ್ತು ಇಲ್ಲದಿದ್ದರೂ ತಾಯಿ ಆ ಪಡಸಾಲೆಯನ್ನು ಬಿಟ್ಟು ಬೇರೆಲ್ಲಿಯೂ ಮಲಗುವುದಿಲ್ಲ.

ಒಂದು ಸಹಾಯ ಬೇಕು. ಮಣ್ಣು ಇಳಿಸಿ ಮತ್ತೆ ಹಾಕಲು ತಿಳಿದವರು ನಮ್ಮ ಊರಿನಲ್ಲಿ ಉಳಿದಿಲ್ಲ. ಮೇಲಿನ ಪದರಕ್ಕೆ ಯಾವ ಮಣ್ಣು, ಯಾವ ತಿಂಗಳಲ್ಲಿ ಹಾಕಬೇಕು ಎಂಬುದನ್ನು ಬಲ್ಲವರು ಹೇಳಬೇಕು.

ಹಗೇವು (ನವಲಗುಂದ)

ಸುಗ್ಗಿ ಮುಗಿದ ಮೇಲೆ, ಮುಂಗಾರಿಗೆ ಮುನ್ನ ಮಾಡಿ. ಯುಗಾದಿಯ ನಂತರ ಆಳುಗಳೂ ಸಿಗುತ್ತಾರೆ. ಹಳೆಯ ಮಣ್ಣನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕದೆ ಅಂಕಣ ಅಂಕಣವಾಗಿ ಕೆಳಗಿಳಿಸಿ. ಹೊಲಕ್ಕೆ ಹಾಕಿದರೆ ಗೊಬ್ಬರವಾಗುತ್ತದೆ. ಜಂತಿ ಬಯಲಾದಾಗ ಬಡಿಗೇರರನ್ನು ಕರೆಸಿ ಗೋಡೆಯೊಳಗೆ ಸೇರುವ ತುದಿಗಳನ್ನು ಕುಟ್ಟಿ ನೋಡಿಸಿ, ಟೊಳ್ಳು ಸದ್ದು ಬಂದದ್ದನ್ನು ಬದಲಿಸಿ. ಕೆಳಗಿನ ಪದರಕ್ಕೆ ಸಣ್ಣ ಗರಸು ಬೆರೆತ ಕೆಂಪು ಮಣ್ಣು. ಎರೆಮಣ್ಣು ಮಾತ್ರ ಬೇಡ, ಬಿರುಕು ಬಿಡುತ್ತದೆ. ಮೇಲಿನ ಎರಡು ಅಂಗುಲಕ್ಕೆ ಸವಳು ಮಣ್ಣು. ಬೆಳೆ ಬಾರದ, ಬೇಸಿಗೆಯಲ್ಲಿ ಬಿಳಿ ಪುಡಿ ಏಳುವ ತಗ್ಗಿನ ಜಾಗಗಳಲ್ಲಿ ಅದು ಸಿಗುತ್ತದೆ. ನೀರು ಬಿದ್ದ ಕೂಡಲೇ ಅದರ ಕಣಗಳು ಬಿಡಿಬಿಡಿಯಾಗಿ ಚದುರಿ ರಂಧ್ರಗಳಲ್ಲಿ ಕೂತು ಅವುಗಳನ್ನು ಮುಚ್ಚುತ್ತವೆ, ಹುಲ್ಲೂ ಹುಟ್ಟುವುದಿಲ್ಲ. ಇಳಿಜಾರು ದೋಣಿಗಳ ಕಡೆಗೆ ಇರಲಿ. ಮೊದಲ ಮಳೆ ಬಿದ್ದ ಮರುದಿನ ಮಾಳಿಗೆ ಏರಿ, ನೀರು ನಿಂತ ಕುಳಿಗಳಿಗೆ ಮತ್ತೆ ಅದೇ ಮಣ್ಣನ್ನು ತುಂಬಿ ತುಳಿಯಿರಿ. ನಮ್ಮ ಊರಿನಲ್ಲಿ ಈ ಕೆಲಸ ಬಲ್ಲ ಇಬ್ಬರು ಹಿರಿಯರಿದ್ದಾರೆ. ಬಂದು ಹೋಗುವ ಬಸ್ಸಿನ ಖರ್ಚು, ಊಟ, ದಿನದ ಪಗಾರ ಕೊಟ್ಟರೆ ಅವರನ್ನು ನಾನೇ ಕರೆತರುತ್ತೇನೆ. ಹೇಳಿಕೊಟ್ಟ ಕೆಲಸವನ್ನು ಕಲಿಯಲು ತಮ್ಮ ಊರಿನ ಹುಡುಗರಿಬ್ಬರು ಜೊತೆಗಿರಬೇಕು ಎಂಬುದು ಅವರ ಷರತ್ತು.